ಕಂಬದ ತುದಿಯಿಂದ ಕಂಡ ಊರು

ಮಾಗಳದ ಆಚೆ, ಹೊಳೆಸಾಲಿನ ಒಂದು ಊರಿಗೆ ಹುಲುಗಣ್ಣ ಲೈನ್‌ಮನ್. ಕರೆಂಟು ಕೆಟ್ಟರೆ ಕಂಬ ಹತ್ತುವುದು ಅವನ ಕೆಲಸ. ಹತ್ತಿದ ಮೇಲೆ ಬೇಗ ಇಳಿಯದಿರುವುದು ಅವನ ಹವ್ಯಾಸ. ಹಡಗಲಿಯ ಸ್ಟುಡಿಯೊದವನು ಮಾರಿದ ಹಳೇ ಕ್ಯಾಮೆರಾ ಸದಾ ಅವನ ಕೊರಳಲ್ಲಿ. ತಂತಿ ಜೋಡಿಸಿ ಮುಗಿದರೂ, ಬಿಸಿಲು ಹದಕ್ಕೆ ಬರಲಿ ಎಂದು ಮೇಲೆಯೇ ಕಾಯುತ್ತಿದ್ದ. ಕೆಳಗಿನಿಂದ ಹಿಟ್ಟಿನ ಗಿರಣಿಯವನು, “ಫೋಟೊ ಮುಗೀತೇನೋ ಹುಲುಗಣ್ಣ? ಕರೆಂಟ್ ಬಿಡಪ್ಪಾ!” ಎಂದು ಕೂಗುತ್ತಿದ್ದ. ಕಲೆಯ ಬೆಲೆ ಗಿರಣಿಯವನಿಗೇನು ಗೊತ್ತು?

ಒಂದು ಮುಂಜಾನೆ ಅವನು ಕಾಯುತ್ತಿದ್ದ ಫೋಟೊ ಸಿಕ್ಕಿತು. ಮಾಳಿಗೆ ಮನೆಗಳು, ಒಣಹಾಕಿದ ಮೆಣಸಿನಕಾಯಿ, ಓಣಿಯಲ್ಲಿ ಅಡ್ಡ ಬಿದ್ದ ಎಳೆಬಿಸಿಲು, ಎಡಮೂಲೆಯಲ್ಲಿ ಅವನದೇ ಮನೆಯ ಹೊಸ ಬಚ್ಚಲಿನ ಕೆಂಪು ಬಾಗಿಲು. ಹದಿನಾರು ವರ್ಷ ಸೀರೆಯ ಮರೆಯಲ್ಲಿ ಮೈ ತೊಳೆದ ಹೆಂಡತಿ ದುರುಗಮ್ಮ ಹಟ ಹಿಡಿದು ಕಟ್ಟಿಸಿಕೊಂಡ ಬಚ್ಚಲು ಅದು. ಆ ಕೆಂಪು ಇರದಿದ್ದರೆ ಫೋಟೊ ಸಪ್ಪೆ ಎಂದು ಹುಲುಗಣ್ಣ ಕಂಡವರಿಗೆಲ್ಲ ಹೇಳಿದ. ದೊಡ್ಡ ದೊಡ್ಡ ಪ್ರಿಂಟು ಹಾಕಿಸಿ ಚಹಾದಂಗಡಿಯಲ್ಲಿ ಮಾರಾಟಕ್ಕಿಟ್ಟ. ದುಡ್ಡಿನ ಆಸೆ ಅಷ್ಟಿರಲಿಲ್ಲ. ಯಾರದಾದರೂ ಗೋಡೆಯ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕ, ತನ್ನದೊಂದು ಫೋಟೊ ಕಟ್ಟು ಹಾಕಿಸಿಕೊಂಡು ಕೂತಿರಬೇಕು. ಅದನ್ನು ತಾನು ಕಣ್ಣಾರೆ ನೋಡಬೇಕು. ಅಷ್ಟೇ ಅವನ ಆಸೆ.

ಮೊದಲ ಗಿರಾಕಿ ಎದುರು ಓಣಿಯ ಕೊಟ್ರಬಸಪ್ಪ. ಫೋಟೊವನ್ನು ಬಹಳ ಹೊತ್ತು ದಿಟ್ಟಿಸಿದ. ಹುಲುಗಣ್ಣನ ಎದೆ ಉಬ್ಬಿತು.

“ಗಾಜಿನ ಕಟ್ಟು ಹಾಕಸ್ರಿ, ಧೂಳು ಕೂಡೂದಿಲ್ಲ,” ಎಂದ.

“ಕಟ್ಟು ಯಾಕ?” ಕೊಟ್ರಬಸಪ್ಪ ಫೋಟೊವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಳಿಸಿದ. “ಬಾಜೂ ಮನಿ ಅಜ್ಜಯ್ಯನ ಗ್ವಾಡಿ ನನ್ನ ಜಾಗದಾಗ ಎಷ್ಟು ಬಂದೈತಿ ಅಂತ ಇದ್ರಾಗ ಚಲೋ ಕಾಣ್ತೈತಿ. ಪಂಚಾಯ್ತಿಗೆ ಕೊಡ್ತೀನಿ.”

ಸಂಜೆಗೆ ಅಜ್ಜಯ್ಯನೂ ಬಂದು ಎರಡು ಒಯ್ದ. ಆಮೇಲೆ ನೋಡಬೇಕಿತ್ತು! ಬೇಲಿ, ತಿಪ್ಪೆ, ಚರಂಡಿ, ಮೆಟ್ಟಿಲು ಎಂದು ಊರಿನಲ್ಲಿ ಎಷ್ಟು ಜಗಳಗಳಿದ್ದವೋ ಅಷ್ಟು ಪ್ರಿಂಟುಗಳು ಖರ್ಚಾದವು. ಸ್ಟುಡಿಯೊದವನು ಇವನನ್ನು ದೊಡ್ಡ ಕಲಾವಿದನೆಂದೇ ನಂಬಿದ. ಗೋಡೆಗೆ ಮಾತ್ರ ಒಂದೂ ಏರಲಿಲ್ಲ. “ಈ ಬಿಸಿಲು ನೆರಳು ಬ್ಯಾಡೋ, ನೆರಳಾಗ ನನ್ನ ಗಡಿಕಲ್ಲು ಮುಚ್ಚೈತಿ. ಮಟಮಟ ಮಧ್ಯಾಹ್ನ ತಗಿ,” ಎಂದು ಒಬ್ಬ ಮುದುಕ ಬುದ್ಧಿ ಹೇಳಿದಾಗ ಹುಲುಗಣ್ಣನಿಗೆ ಅಳುವುದೊಂದು ಬಾಕಿ.

ಅಂಥದ್ದರಲ್ಲಿ ಪಂಚಾಯ್ತಿಯಿಂದ ಕರೆ ಬಂತು. ಪಿಡಿಒ ಪ್ರಿಯಾ ಮೇಡಂ ಅವನನ್ನು ಒಳಗೆ ಕರೆದು ಗೋಡೆ ತೋರಿಸಿದರು. ಅವನ ಫೋಟೊ! ತೇಗದ ಚೌಕಟ್ಟು, ಮೇಲೆ ಗಾಜು, ಮೂಲೆಯಲ್ಲಿ ಅವನದೇ ಸಹಿ. ಹುಲುಗಣ್ಣನ ಕಣ್ಣು ತುಂಬಿ ಬಂತು.

“ಎಲ್ಲರೂ ಇದನ್ನೇ ತಂದು ಕೊಟ್ಟರು,” ಎಂದರು ಮೇಡಂ. “ಊರಿನ ಒತ್ತುವರಿಯೆಲ್ಲ ಒಂದೇ ಕಡೆ ಕಾಣುತ್ತೆ ನೋಡಿ. ಗುರುತು ಹಾಕಿಸಿದ್ದೇನೆ.”

ಅವನು ಕಣ್ಣೊರೆಸಿಕೊಂಡು ನೋಡಿದ. ಅಲ್ಲಲ್ಲಿ ನೀಲಿ ಶಾಯಿಯ ಸುತ್ತುಗಳು. ಎಲ್ಲಕ್ಕಿಂತ ದೊಡ್ಡದು ಎಡಮೂಲೆಯ ಕೆಂಪು ಬಾಗಿಲಿಗೆ. ಬಚ್ಚಲು ಓಣಿಯೊಳಗೆ ಪೂರಾ ಎರಡು ಅಡಿ ಬಂದಿತ್ತು. ಏಳು ದಿನದೊಳಗೆ ಕೆಡವಬೇಕೆಂಬ ನೋಟಿಸನ್ನು ಮೇಡಂ ಕೈಗಿತ್ತರು.

“ಕಟ್ಟು ಚಲೋ ಹಾಕ್ಸೀರಿ ಮೇಡಂ,” ಎಂದ ಹುಲುಗಣ್ಣ.

“ಯಾಕ ಕರದಿದ್ರಂತ?” ಎಂದು ದುರುಗಮ್ಮ ಮನೆಯ ಬಾಗಿಲಲ್ಲೇ ಕೇಳಿದಳು.

“ನನ್ನ ಫೋಟೊಕ್ಕ ಕಟ್ಟು ಹಾಕ್ಸಿ ಗ್ವಾಡಿಗೆ ಹಾಕ್ಯಾರ.” ನೋಟಿಸು ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

ಕ್ಯಾಮೆರಾ ಕಂಡರೆ ಉರಿದುಬೀಳುತ್ತಿದ್ದ ದುರುಗಮ್ಮನ ಮುಖ ಅರಳಿತು. “ಅಂತೂ ನಿಮ್ಮ ಆಸಿ ತೀರಿತು. ಇವತ್ತು ತಲಿಗೆ ಎರಕೊಳ್ರಿ, ನೀರು ಕಾಸ್ತೀನಿ,” ಎಂದು ಎಣ್ಣೆಯ ಬಟ್ಟಲು ಹಿಡಿದು ಸಡಗರದಿಂದ ಹೋಗಿ ಕೆಂಪು ಬಾಗಿಲು ತೆರೆದಳು.

ಹುಲುಗಣ್ಣ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಳಿಸಿ, ಅವಳ ಹಿಂದೆ ನಡೆದ.