ಪುರಭವನದ ಕೆಂಪು ಪರದೆ

ಈಗಲೂ ಎಲ್ಲಾದರೂ ನುಸಿಗುಳಿಗೆಯ ವಾಸನೆ ಬಂದರೆ ತಿಪಟೂರಿನ ನಮ್ಮ ಹಳೆಯ ಮನೆಯ ನಡುಮನೆ ಕಣ್ಣಿಗೆ ಕಟ್ಟುತ್ತದೆ. ಮೇಲೆ ಅಟ್ಟದ ತುಂಬ ಕೊಬ್ಬರಿ, ಕೆಳಗೆ ಗೋಡೆಯಿಂದ ಗೋಡೆಗೆ ಹರಡಿದ ಕೆಂಪು ಮಖಮಲ್ಲು, ಅದರ ನಡುವೆ ಸೂಜಿ ಹಿಡಿದು ಕುಳಿತ ರಂಗಮ್ಮ ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ ಅವರು; ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮೊಂದಿಗೇ ಇದ್ದರು. ಆ ಮಖಮಲ್ಲು ಮಹಾರಾಜರ ಕಾಲದ ಪುರಭವನದ ರಂಗದ ಪರದೆ. ಇಲಿ ಕಡಿದು ತೂತಾಗಿದ್ದ ಅದನ್ನು ಎಸೆಯುತ್ತಾರೆಂದು ತಿಳಿದು ದೊಡ್ಡಮ್ಮನೇ ಹೋಗಿ ಕೇಳಿ, ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರು.

"ನಾನು ಮದ್ವೆಯಾಗಿ ಬಂದ ವರ್ಷ ನಿಮ್ಮ ದೊಡ್ಡಪ್ಪ ಅಲ್ಲಿ ನಾಟಕದಾಗೆ ಪಾರ್ಟು ಮಾಡಿದ್ರು ಕಣೇ," ಎನ್ನುತ್ತಿದ್ದರು. "ಈ ಪರದೆ ಸರೀತಿದ್ದಂಗೆ ನನ್ನೆದೆ ಹೊಡ್ಕೊಂಡುಬುಡ್ತು."

ಬೇಸಿಗೆಯೆಲ್ಲ ಅವರೂ ಅಮ್ಮನೂ ಬಣ್ಣಕ್ಕೆ ಬಣ್ಣ ಹೊಂದುವ ನೂಲು ಹುಡುಕಿ ತೂತುಗಳನ್ನು ಹೆಣೆದರು, ಅಂಚಿನ ಜರಿ ಬಿಡಿಸಿ ಮತ್ತೆ ಹೊಲಿದರು. ಪರದೆ ರಂಗಕ್ಕೆ ಮರಳಿದ ದಿನ ದೊಡ್ಡಮ್ಮ ತಲೆಗೆ ಹೂ ಮುಡಿಯದಿದ್ದರೂ ಮುಡಿದವರಂತೆ ಕಾಣುತ್ತಿದ್ದರು.

ಕೆಲವು ವರ್ಷಗಳ ಮೇಲೆ ಹೊಸ ಅಧಿಕಾರಿಯೊಬ್ಬರು ಬಂದರು. ರಂಗವನ್ನೇ ತಮ್ಮ ಆಫೀಸು ಮಾಡಿಕೊಂಡು, ಪರದೆ ಕೀಳಿಸಿ, ಅದರ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿಗಳ ಬ್ಲೈಂಡು ಹಾಕಿಸಿದರು. ಸುದ್ದಿ ಕೇಳಿ ಅಪ್ಪ, "ಸರ್ಕಾರದ್ದು, ನಮಗ್ಯಾಕೆ ಬುಡಿ ಅತ್ಗೆ," ಎಂದರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಹೊರಟರು. ಆ ಮನುಷ್ಯ ಕೂರಲೂ ಹೇಳಲಿಲ್ಲ.

"ಆ ಹಳೇ ಬಟ್ಟೆನಾ? ಹಿತ್ತಲಲ್ಲಿ ಸಿಮೆಂಟ್ ಮೂಟೆ ಮೇಲೆ ಹೊದಿಸಿದೀವಿ."

ಹೋಗಿ ನೋಡಿದೆವು. ಮಳೆಗೆ ನೆನೆದು, ಸಿಮೆಂಟು ಹಿಡಿದು, ಮಖಮಲ್ಲು ಹಲಗೆಯಂತೆ ಸೆಟೆದಿತ್ತು. ದೊಡ್ಡಮ್ಮ ಮತ್ತೆ ಒಳಗೆ ಬಂದರು. "ಬ್ಯಾಡ ಅಂದಿದ್ರೆ ನಾನೇ ಹೊತ್ಕೊಂಡ್ ಹೋಗ್ತಿದ್ನಲ್ಲ ಸ್ವಾಮಿ. ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಆತ ಬ್ಲೈಂಡಿನ ಪಕ್ಕದ ದಾರ ಎಳೆದ. ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ನಮ್ಮ ಮುಖದ ಮುಂದೆಯೇ ಮುಚ್ಚಿಕೊಂಡವು. ಬಾಗಿಲಲ್ಲಿದ್ದ ಜವಾನ ತಲೆ ತಗ್ಗಿಸಿದ. ಅಷ್ಟು ವಯಸ್ಸಾದ ಹೆಣ್ಣುಮಗಳಿಗೆ ಹಾಗೆ ಮಾಡಲು ಆತನಿಗೆ ಕೈಯಾದರೂ ಹೇಗೆ ಬಂತು?

ಮರುದಿನ ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಗಾಡಿ ಕಟ್ಟಿಕೊಂಡು ಹೋದರು. ಅಷ್ಟರಲ್ಲಿ ಆ ಬಟ್ಟೆಯನ್ನು ಹೊಸ ಕಾಂಪೌಂಡಿನ ಪಾಯದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದರಂತೆ. ಖಾಲಿ ಗಾಡಿ ಹಿಂದಿರುಗಿದಾಗ ದೊಡ್ಡಮ್ಮ ಎತ್ತುಗಳಿಗೆ ನೀರಿಟ್ಟರು.

ಈಗ ಅಪ್ಪನೂ ದೊಡ್ಡಮ್ಮನೂ ಇಲ್ಲ, ಆ ಮನೆಯೂ ಇಲ್ಲ. ನನ್ನ ಸಿಟ್ಟು ಮಾತ್ರ ಉಳಿದಿದೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ.