ಕಟಿಂಗ್ ಮೇಜಿನ ಒಡತಿ

ಬೀದಿಗೆಲ್ಲ ಟೈಲರಕ್ಕ ಎಂದೇ ಗೊತ್ತಿದ್ದವಳು ಹೆರಿಗೆಯಾದ ಮೇಲೆ ನಿದ್ದೆ ಕಳೆದುಕೊಂಡಳು. ಮಗು ಮಲಗಿದರೂ ಇವಳ ರೆಪ್ಪೆ ಅಂಟದು. ಯಾರೋ ಮಗುವನ್ನು ಎತ್ತಿಕೊಂಡು ಹೋಗುತ್ತಾರೆಂಬ ಭಯ. ಮನೋವೈದ್ಯರು ಹಾಲೂಡಿಸುವ ತಾಯಿಗೆ ಹೊಂದುವಂಥ ಮಾತ್ರೆ ಬರೆದುಕೊಟ್ಟರು. ಪಕ್ಕದ ಕೋಣೆಯ ಕೌನ್ಸೆಲರ್ ಜೊತೆ ವಾರವಾರ ಮಾತಾಡಲೂ ಹೇಳಿದರು. ಮೆಲ್ಲಗೆ ನಿದ್ದೆ ಹತ್ತತೊಡಗಿತು.

ಅಂಗಡಿ ನೋಡಿಕೊಳ್ಳಲು ಬಂದ ನಾದಿನಿ ಕಟಿಂಗ್ ಮೇಜಿನ ಹಿಂದೆ ಬೇರು ಬಿಟ್ಟಳು.

“ಅತ್ತಿಗೆ, ಹೇಗೂ ಮಾತಾಡಿ ಮನಸ್ಸು ಹಗುರ ಮಾಡ್ಕೊಳ್ತಿದ್ದೀರಲ್ಲ, ಆ ಗುಳಿಗೆ ಯಾಕೆ? ಹಾಲಲ್ಲಿ ಇಳಿದು ಮಗು ಮಂಕಾಗತ್ತೆ.”

ಮಗುವಿನ ಮಾತು ಬಂದರೆ ಯಾವ ತಾಯಿ ಹೆದರುವುದಿಲ್ಲ? ಮಾತ್ರೆ ಬಿಟ್ಟಳು. ವೈದ್ಯರ ಕಡೆ ತಲೆ ಹಾಕಲಿಲ್ಲ, ಕೌನ್ಸೆಲರ್‌ಗೂ ಬಾಯಿ ಬಿಡಲಿಲ್ಲ.

ಮತ್ತೆ ನಿದ್ದೆ ಹಾರಿತು. ಗಿರಾಕಿಯೊಬ್ಬರ ರೇಷ್ಮೆ ಬಟ್ಟೆಯಲ್ಲಿ ಎರಡು ತೋಳನ್ನೂ ಬಲಗೈಗೇ ಕತ್ತರಿಸಿಬಿಟ್ಟಳು. ನಾದಿನಿ ಅದನ್ನು ಬಂದಬಂದವರಿಗೆಲ್ಲ ಎತ್ತಿ ತೋರಿಸಿದಳು: “ನಮ್ಮತ್ತಿಗೆಗೆ ಎಡಗೈಯೇ ಇಲ್ಲ ನೋಡಿ! ಕತ್ತರಿ ಕೊಡೋಕೇ ಭಯ ಕಣ್ರೀ.” ಎಲ್ಲರೂ ನಕ್ಕರು. ಗಂಡ ಬೇರೆ, “ನೀನು ಮನೇಲೇ ಇರು, ಅಂಗಡಿ ತಂಗಿಗೇ ಬಿಟ್ಟುಬಿಡೋಣ” ಎಂದ.

ಆ ವಾರ ಕೌನ್ಸೆಲರ್ ಮುಂದೆ ಎಲ್ಲವನ್ನೂ ಕಕ್ಕಿದಳು. “ಅವಳನ್ನ ಸುಮ್ನೆ ಬಿಡಲ್ಲ ಮೇಡಂ!”

ಕೌನ್ಸೆಲರ್ ಎದ್ದು ಹೋಗಿ ವೈದ್ಯರನ್ನೇ ಕರೆತಂದರು. “ಇನ್ನು ಮಾತ್ರೆ ವಿಷಯ ನನ್ನನ್ನ ಕೇಳಮ್ಮ, ನಾದಿನೀನ ಅಲ್ಲ” ಎಂದು ವೈದ್ಯರು ಮತ್ತೆ ಶುರು ಮಾಡಿಸಿದರು.

“ಸೇಡಿಗೂ ಕೈ ನಡುಗಬಾರದಲ್ವಾ?” ಎಂದರು ಕೌನ್ಸೆಲರ್. “ಏನು ಮಾಡ್ಬೇಕು ಅಂತಿದ್ದೀಯ, ಹೇಳು.”

ಹೇಳಿದಳು. ನಾದಿನಿಯ ಹೊಸ ಬಟ್ಟೆಗೆಲ್ಲ ಮಿಷನ್ ಎಣ್ಣೆ ಸುರಿಯುವುದು. ಜಡೆಗೆ ಕತ್ತರಿ ಹಾಕುವುದು. ಕೌನ್ಸೆಲರ್ ಬೈಯಲಿಲ್ಲ, “ಆಮೇಲೆ?” ಎಂದಷ್ಟೇ ಕೇಳುತ್ತಿದ್ದರು. ಒಂದೊಂದೇ ಹಂಚಿಕೆ ಸಪ್ಪೆಯಾಗಿ ಉದುರಿ, ಕೊನೆಗೆ ಒಂದು ಉಳಿಯಿತು.

ನಿದ್ದೆ ಮರಳಿತು, ಕತ್ತರಿ ಮತ್ತೆ ಹತೋಟಿಗೆ ಬಂತು. ಅಂಗಡಿ ತುಂಬ ಗಿರಾಕಿಗಳಿರುವ ದಿನ ನೋಡಿ, ಮಗುವನ್ನು ಗಂಡನ ತೊಡೆ ಮೇಲೆ ಕೂರಿಸಿ ಹೊರಟಳು.

“ಏಳು.”

“ಅತ್ತಿಗೆ, ಜನ ಇದ್ದಾರೆ...”

“ಇರಲಿ ಅಂತಲೇ ಬಂದೆ. ಎರಡು ಬಲತೋಳಿನ ಕಥೆ ಹೇಳಿದೆಯಲ್ಲ, ನನ್ನ ಮಾತ್ರೆ ಬಿಡಿಸಿದ್ದು ಯಾರು ಅಂತಲೂ ಹೇಳು.”

ನಾದಿನಿಯ ಮುಖ ಸುಣ್ಣವಾಯಿತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

“ಹೇಳಲ್ವಾ? ಹಾಗಾದ್ರೆ ಆ ಮೂಲೇಲಿ ಕೂತು ಹುಕ್ಕು ಹಾಕು.”

ಹುಕ್ಕು ಹಾಕುವುದು ನಿನ್ನೆ ಮೊನ್ನೆ ಕಲಿಯಲು ಬಂದವರ ಕೆಲಸ. ನಾದಿನಿ ಎದ್ದಳು, ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು.

ಈಗ ಸಮಾಧಾನವಾಯಿತಾ ಎಂದು ಮುಂದಿನ ವಾರ ಕೌನ್ಸೆಲರ್ ಕೇಳೇ ಕೇಳುತ್ತಾರೆ. ಟೈಲರಕ್ಕ ಮೂಲೆಯತ್ತ ಕಣ್ಣು ಹಾಯಿಸಿದಳು. ಇನ್ನೂ ಇಲ್ಲ. ಹುಕ್ಕು ಸೊಟ್ಟಗಾಗಿದೆ, ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಬೇಕು.