ಒಂದೇ ಬಟ್ಟಲು

ನಮ್ಮತ್ತೆ ಕೆ.ಆರ್. ಪುರದ ಮಗಳ ಮನೆಗೆ ಹೊರಟ ಶನಿವಾರವೇ ನಾನು ಫಿಶ್ ಸಾಸ್ ಬಾಟ್ಲಿ ಮನೆಯೊಳಗೆ ತಂದದ್ದು. ಅವರಿದ್ದಿದ್ರೆ ಆ ವಾಸನೆಗೇ ಇಡೀ ಮನೆ ತೊಳೆಸ್ತಿದ್ರು. ಆಫೀಸಿನ ಮೂವರು ಗೆಳತಿಯರನ್ನ ಸಿ.ವಿ. ರಾಮನ್ ನಗರಕ್ಕೆ ಊಟಕ್ಕೆ ಕರೆದಿದ್ದೆ. ಒಂದು ವಾರ ವಿಯೆಟ್ನಾಂ ಸುತ್ತಿ ಬಂದ ಜಂಬ ನನಗಿನ್ನೂ ಇಳಿದಿರಲಿಲ್ಲ.

ಶಿವಾಜಿನಗರದಿಂದ ಸೀಗಡಿ, ಪುದೀನ ತಂದೆ. ಅಕ್ಕಿ ಹಾಳೆ ಇಂದಿರಾನಗರದ ಅಂಗಡೀಲಿ ಸಿಕ್ತು. ನೋಡೋಕೆ ಕರಿಯದ ಹಪ್ಪಳ. ನೀರಲ್ಲಿ ಅದ್ದಿದ್ರೆ ಮೆತ್ತಗಾಗುತ್ತೆ, ಒಳಗೆ ಶಾವಿಗೆ, ಸೌತೆಕಾಯಿ, ಸೀಗಡಿ ಇಟ್ಟು ಸುತ್ತಬೇಕು. ನಿಂಬೆರಸ, ಸಕ್ಕರೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಫಿಶ್ ಸಾಸ್ ಕಲಸಿ ದೊಡ್ಡ ಪಿಂಗಾಣಿ ಬಟ್ಟಲಲ್ಲಿ ನಡುವೆ ಇಟ್ಟೆ. "ನಿಮ್ಮ ಸುರುಳಿ ನೀವೇ ಸುತ್ಕೋಬೇಕು ಕಣ್ರೇ. ಕಚ್ಚೋದು, ಅದ್ದೋದು, ಮತ್ತೆ ಕಚ್ಚೋದು. ಎಲ್ಲರಿಗೂ ಒಂದೇ ಬಟ್ಟಲು, ವಿಯೆಟ್ನಾಂನಲ್ಲಿ ನಾನು ತಿಂದ ಮನೇಲಿ ಹೀಗೇ!" ಅಂತ ಭಾಷಣ ಬಿಗಿದೆ.

ಮೂವರಲ್ಲಿ ನನಗೆ ತೀರಾ ಹತ್ತಿರದವಳು ಹಲಸೂರಿನವಳು. ಅವಳು ಸ್ಕೂಲಲ್ಲಿದ್ದಾಗ ಒಬ್ಬ ಗೆಳತಿ ಮನೇಲಿ ಇವಳ ಜಾತಿ ನೋಡಿ ಬೇರೆ ಲೋಟ ಇಟ್ಟಿದ್ರಂತೆ. ಕುಡಿದು, ತೊಳೆದು, ಕಿಟಕಿ ಮೇಲೆ ಬೋರಲು ಹಾಕ್ಬೇಕಿತ್ತಂತೆ. "ನಿನ್ ಹತ್ರ ಬಿಟ್ಟು ಯಾರಿಗೂ ಹೇಳಿಲ್ಲ ಕಣೆ" ಅಂದಿದ್ದಳು. ಆ ಮನೆಯವರಿಗೆ ನಾನು ಬಾಯಿಗೆ ಬಂದಂಗೆ ಬೈದಿದ್ದೆ. ಆಫೀಸಲ್ಲಿ ದಿನಾ ಅವಳ ಡಬ್ಬಿ ನಮ್ಮಿಬ್ಬರ ನಡುವೆ. ಚಪಾತಿ ಮುರಿದು ಅವಳ ಗೊಜ್ಜಿಗೆ ಅದ್ದಿ ತಿಂತಿದ್ದೆ. ಮುರಿದದ್ದನ್ನ ಅದ್ದೋದು ಬೇರೆ, ಕಚ್ಚಿದ್ದನ್ನ ಅದ್ದೋದು ಬೇರೆ. ನಮ್ಮಮ್ಮ ಎಂಜಲಿನ ಪಾಠವನ್ನ ಅಕ್ಷರಕ್ಕಿಂತ ಮುಂಚೆ ಕಲಿಸಿದವಳು. ಆದರೆ ಆವತ್ತು ಭಾಷಣ ಬಿಗಿಯೋವಾಗ ಇದೊಂದೂ ನನಗೆ ನೆನಪಾಗಲಿಲ್ಲ.

ಮೊದಲು ಸುತ್ತಿ ಮುಗಿಸಿದವಳು ಅವಳೇ. ಒಂದು ತುತ್ತು ಕಚ್ಚಿದಳು, "ಆಹಾ, ಸೂಪರ್ ಕಣೆ!" ಅಂದಳು, ನಾನು ಹೇಳಿಕೊಟ್ಟ ಹಾಗೇ ಕಚ್ಚಿದ ತುದೀನ ಬಟ್ಟಲಿಗೆ ಅದ್ದಿದಳು. ನನಗೇ ಗೊತ್ತಿಲ್ಲದ ಹಾಗೆ ಎದ್ದೆ. ಅಡಿಗೆಮನೆಗೆ ಹೋದೆ, ಪಾತ್ರೆಯಲ್ಲಿ ಉಳಿದಿದ್ದ ಸಾಸ್ ಒಂದು ಚಿಕ್ಕ ಬಟ್ಟಲಿಗೆ ಬಗ್ಗಿಸಿಕೊಂಡು ಬಂದು ನನ್ನ ತಟ್ಟೆ ಪಕ್ಕ ಇಟ್ಟುಕೊಂಡೆ.

"ಏನ್ ಗುರು, ನಮಗೆಲ್ಲ ಒಂದು, ನಿನಗೆ ಮಾತ್ರ ಸ್ಪೆಷಲ್ಲಾ?" ಅಂತ ಇನ್ನೊಬ್ಬಳು ಕಿಚಾಯಿಸಿದಳು.

"ಅಯ್ಯೋ, ಎಂಜಲು ಕಣೆ! ನಮ್ಮಮ್ಮ ಬೆಳೆಸಿದ್ದೇ ಹಾಗೆ" ಅಂದೆ.

ಇಬ್ಬರು ನಕ್ಕರು. ಹಲಸೂರಿನವಳು ನನ್ನ ಚಿಕ್ಕ ಬಟ್ಟಲನ್ನ ನೋಡಿದಳು. ಆಮೇಲೆ ಊಟ ಮುಗಿಯೋವರೆಗೂ ಅವಳು ದೊಡ್ಡ ಬಟ್ಟಲಿಗೆ ಕೈ ಹಾಕಲಿಲ್ಲ, ಸಾಸಿಲ್ಲದೆ ಬರೀ ಸುರುಳೀನೇ ತಿಂದಳು. ನನಗೆ ಮುಖ ಎಲ್ಲಿಟ್ಟುಕೊಳ್ಳೋದು ಅಂತ ಗೊತ್ತಾಗಲಿಲ್ಲ. ಬಾಗಿಲ ಹತ್ರ ಹಿಡಿದು ನಿಲ್ಲಿಸಿ "ನೀನು ಅಂತ ಎದ್ದಿದ್ದಲ್ಲ ಕಣೆ" ಅನ್ನೋಣ ಅಂದ್ಕೊಂಡೆ. ಹಾಗಂದ್ರೆ ಜಾತಿ ಮಾತನ್ನ ನಾನೇ ಬಾಯಿಬಿಟ್ಟು ಎತ್ತಿದಂಗೆ ಆಗ್ತಿತ್ತು. ಅವಳಿಗೆ ಲಿಫ್ಟ್ ಬಟನ್ ಒತ್ತಿಕೊಟ್ಟೆ.

ಬೇರೆಯವರು ಮೊದಲು ಅದ್ದಿದ್ರೂ ನಾನು ಏಳ್ತಿದ್ನಾ? ಏಳ್ತಿದ್ದೆ ಅಂತಲೇ ಅನ್ಸುತ್ತೆ. ಆಣೆ ಮಾಡಿ ಹೇಳು ಅಂದ್ರೆ ಮಾತ್ರ ಬಾಯಿ ಬರಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಸೋಮವಾರ ಮಧ್ಯಾಹ್ನ ಅವಳು ಎಂದಿನಂತೆ ಬಂದು ನನ್ನ ಪಕ್ಕ ಕೂತಳು. ಹೋದ ಜೀವ ಬಂದಂಗಾಯ್ತು. ಡಬ್ಬಿ ತೆಗೆದಳು, ಬದನೆಕಾಯಿ ಗೊಜ್ಜು, ನನಗಿಷ್ಟದ್ದು. ಆದರೆ ಡಬ್ಬಿ ನಡುವೆ ಇಡಲಿಲ್ಲ. ಮುಚ್ಚಳ ಒರೆಸಿ, ಚಮಚದಲ್ಲಿ ಅರ್ಧ ಗೊಜ್ಜನ್ನ ಅದಕ್ಕೆ ಹಾಕಿ ನನ್ನ ಕಡೆ ತಳ್ಳಿದಳು.

"ತಿನ್ನು," ಅಂದಳು, ಮೆತ್ತಗೆ. "ನಾನಿನ್ನೂ ಮುಟ್ಟಿಲ್ಲ."